ರಾಣಿಗೊಂದು ಮಿಲ್ಲಿನ ಸದ್ದು

ನೀವು ಯಾವ ವಾದ್ಯ ನುಡಿಸುತ್ತೀರಿ ಎಂದು ಯಾರಾದರೂ ಕೇಳಿದರೆ ನಾನು ತಕ್ಷಣ ಚಪ್ಪಲಿ ಹುಡುಕತೊಡಗುತ್ತೇನೆ. ಮನೆಯಲ್ಲಿ ವಾದ್ಯ ಇರುವುದು ನಿಜ. ಅದಕ್ಕೆಂದೇ ಒಂದು ಮೇಜಿದೆ, ಮೇಜಿಗೆಂದೇ ಒಂದು ಬಟ್ಟೆಯಿದೆ, ಆ ಬಟ್ಟೆಯ ಮೇಲೆ ಯಾರೂ ಕಾಫಿ ಲೋಟ ಇಡಬಾರದೆಂಬ ಕಾನೂನೂ ಇದೆ. ನುಡಿಸುವುದೊಂದೇ ಇಲ್ಲ. ನಾನು ಆ ವಾದ್ಯವನ್ನು ಜೋಡಿಸುತ್ತೇನೆ, ಬಿಚ್ಚುತ್ತೇನೆ, ಮತ್ತೆ ಜೋಡಿಸುತ್ತೇನೆ. ಚನ್ನಪಟ್ಟಣದ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವ, ತಲೆ ಅರ್ಧ ನರೆತ ಮನುಷ್ಯ ಇದನ್ನು ನಾಲ್ಕು ಜನರ ಮುಂದೆ ಹೇಗೆ ಹೇಳಿಕೊಂಡಾನು?

ಈ ವಾದ್ಯಕ್ಕೆ ಮಾಡ್ಯುಲರ್ ಸಿಂಥಸೈಜರ್ ಎಂದು ಹೆಸರು. ಹೆಸರು ಕೇಳಿ ಗಾಬರಿಯಾಗಬೇಡಿ. ಒಂದು ಮರದ ಪೆಟ್ಟಿಗೆ, ಅದರೊಳಗೆ ಸಾಲಾಗಿ ನಿಲ್ಲಿಸಿದ ಪುಟ್ಟ ಪುಟ್ಟ ಯಂತ್ರಗಳು, ಅಷ್ಟೇ. ಅವೇ ಮಾಡ್ಯೂಲುಗಳು. ಒಂದು ಸದ್ದು ಹುಟ್ಟಿಸುತ್ತದೆ. ಇನ್ನೊಂದು, ಫಿಲ್ಟರ್ ಎನ್ನುವುದು, ಆ ಸದ್ದಿನ ಚೂಪನ್ನು ಸವರಿ ಮೆದು ಮಾಡುತ್ತದೆ. ಮತ್ತೊಂದು, ಸದ್ದು ಯಾವಾಗ ಏಳಬೇಕು, ಎಷ್ಟು ಹೊತ್ತಿಗೆ ಅಡಗಬೇಕು ಎಂದು ಅಪ್ಪಣೆ ಕೊಡುತ್ತದೆ. ಇವಕ್ಕೆ ಒಂದಕ್ಕೊಂದು ಪರಿಚಯವಿಲ್ಲ. ನಾವೇ ಬಣ್ಣದ ತಂತಿಗಳನ್ನು ಇದರಿಂದ ತೆಗೆದು ಅದಕ್ಕೆ ಚುಚ್ಚಿ ಸಂಬಂಧ ಬೆಳೆಸಬೇಕು. ಯಾವ ಮಾಡ್ಯೂಲು ಬೇಕು, ಯಾವುದರ ಪಕ್ಕ ಯಾವುದನ್ನು ಕೂರಿಸಬೇಕು ಎನ್ನುವುದನ್ನೂ ನಾವೇ ಗೊತ್ತು ಮಾಡಬೇಕು. ಹಾರ್ಮೋನಿಯಂ ಕೊಂಡವನು ಸಾಯಂಕಾಲಕ್ಕೆ ಸರಿಗಮ ಬಾರಿಸುತ್ತಾನೆ. ಇದನ್ನು ಕೊಂಡವನು ಮೊದಲು ಸಂಸಾರ ಹೂಡಬೇಕು.

ಸಂಸಾರ ಹೂಡುವುದರಲ್ಲೇ ನನ್ನ ಆಯಸ್ಸು ಹೋಗುತ್ತಿದೆ. ಯಾವುದಾದರೂ ಮಾಡ್ಯೂಲನ್ನು ತರಿಸುವ ಮೊದಲು ಅದರ ಅಳತೆಗೆ ಕಾಗದ ಕತ್ತರಿಸಿ, ಹೆಸರು ಬರೆದು, ಊಟದ ಮೇಜಿನ ಮೇಲೆ ಹರಡಿಕೊಂಡು ಕೂರುತ್ತೇನೆ. ಇದು ಇಲ್ಲಿ, ಅದು ಅಲ್ಲಿ. ಊಹೂಂ, ಅದು ಇಲ್ಲಿ, ಇದು ಅಲ್ಲಿ. ನನ್ನ ಹೆಂಡತಿ ಶೋಭಾ ಸಾರಿನ ಪಾತ್ರೆ ಇಡುವುದಕ್ಕೆ ಜಾಗ ಕಾಣದೆ ಒಮ್ಮೆ ಫಿಲ್ಟರಿನ ಕಾಗದದ ಮೇಲೇ ಇಟ್ಟಳು. ನಾನು ಕೂಗಾಡಿದೆ. "ಇನ್ನೂ ಬಂದೇ ಇಲ್ವಲ್ಲ ಅದು, ಕಾಗದ ತಾನೆ?" ಎಂದಳು. ನಾನು ಆ ಕಾಗದವನ್ನು ಒರೆಸಿ ಒಣಗಲು ಇಟ್ಟೆ. ಇನ್ನೂ ನಾಚಿಕೆಗೇಡಿನ ವಿಷಯವೊಂದಿದೆ, ನಿಮ್ಮಲ್ಲೇ ಇರಲಿ. ಜೋಡಣೆಯಾದ ಮೇಲೆ ಪೆಟ್ಟಿಗೆಯಲ್ಲಿ ಬೆರಳಗಲದ ಸಂದು ಉಳಿಯುತ್ತದೆ. ಆ ಸಂದನ್ನು ಮುಚ್ಚುವುದಕ್ಕೆಂದೇ ಬಣ್ಣ ಬಳಿದ ತಗಡು ಮಾರುತ್ತಾರೆ. ಅದು ಸದ್ದು ಮಾಡುವುದಿಲ್ಲ, ಸದ್ದು ತಡೆಯುವುದಿಲ್ಲ, ಸುಮ್ಮನೆ ಇರುತ್ತದೆ. ಅಂಥ ತಗಡನ್ನು ನಾನು ಬಹಳ ಯೋಚಿಸಿ, ಎರಡು ಬಣ್ಣಗಳ ನಡುವೆ ಒದ್ದಾಡಿ, ದೂರದಿಂದ ತರಿಸಿದ್ದೇನೆ.

ನೆಂಟರು ಬಂದಾಗ ಮಾತ್ರ ಕಷ್ಟ. "ಏನೋ ಮ್ಯೂಸಿಕ್ ಮಿಷಿನ್ ಮಡಗಿದ್ದೀರಂತೆ, ಒಂದು ಹಾಡು ಬರ್ಲಿ" ಎನ್ನುತ್ತಾರೆ. ನಾನು ತಂತಿ ಚುಚ್ಚಿ, ಗುಂಡಿ ತಿರುಗಿಸಿ, ಬೆವರು ಒರೆಸಿಕೊಂಡು ಕೊನೆಗೆ ಗೊಂಯ್ ಎನ್ನಿಸುತ್ತೇನೆ. ಒಬ್ಬರು ಹಿರಿಯರು ಅಡುಗೆಮನೆಯ ಕಡೆ ತಿರುಗಿ, "ಮಿಕ್ಸಿ ಆಫ್ ಮಾಡವ್ವಾ, ನಿನ್ನ ಗಂಡ ಈಗ ಬಾರಿಸ್ತಾನಂತೆ" ಎಂದರು. ಅಂದಿನಿಂದ ನೆಂಟರು ಬರುವ ಸುದ್ದಿ ಸಿಕ್ಕರೆ ಪೆಟ್ಟಿಗೆಯ ಮೇಲೆ ಬೆಡ್‌ಶೀಟ್ ಹೊದಿಸುತ್ತೇನೆ.

ಹೀಗಿರುವಾಗ ಒಂದು ದಿನ ಅಕ್ಕ ಫೋನ್ ಮಾಡಿದಳು. ಅಕ್ಕನನ್ನು ಕೊಟ್ಟಿರುವುದು ಸಾತನೂರಿನ ಪಕ್ಕದ ಹಳ್ಳಿಗೆ. ಒಂದಿಷ್ಟು ಹಿಪ್ಪುನೇರಳೆ, ಒಂದಿಷ್ಟು ರಾಗಿ, ಕೊಟ್ಟಿಗೆಯಲ್ಲಿ ಹಸು. ಮಳೆ ನೋಡಿಕೊಂಡು ಬೆಳೆಯುವ ಆ ಕಡೆ ದಿನದ ಖರ್ಚು ನಡೆಯುವುದು ಡೈರಿಗೆ ಹಾಕುವ ಹಾಲಿನಿಂದ. ಭಾವ ಆಗಷ್ಟೇ ಮಾಗಡಿ ಕಡೆಯ ಗುಡೇಮಾರನಹಳ್ಳಿಯಿಂದ ನೆಂಟರ ಮೂಲಕ ಹೊಸ ಹಸು ತಂದಿದ್ದರು. ಹೆಸರು ರಾಣಿ. ಆ ರಾಣಿ ಹಾಲು ಬಿಡುತ್ತಿಲ್ಲ ಎನ್ನುವುದೇ ಅಕ್ಕನ ಗೋಳು.

"ಕೆಚ್ಚಲು ತುಂಬ್ಕಂಡು ಬಿಗ್ದದೆ ಕಣ್ಲಾ ನಾಗ, ತೊಟ್ಟು ಇಡ್ದ್ರೆ ಒಂದು ಲೋಟ ಇಳಿಯಾಕಿಲ್ಲ. ಕರು ಬುಟ್ಟು ನೋಡ್ದೆ, ಬಿಸ್ನೀರಲ್ಲಿ ತೊಳ್ದು ನೋಡ್ದೆ, ಬೂಸ ಮುಂದ್ ಮಡಗ್ದೆ. ಏನ್ ಮಾಡುದ್ರೂ ಇಲ್ಲ."

ಕಾರಣವನ್ನೂ ಅಕ್ಕನೇ ಪತ್ತೆ ಮಾಡಿದ್ದಳು. ಗುಡೇಮಾರನಹಳ್ಳಿಯಲ್ಲಿ ರಾಣಿಯ ಕೊಟ್ಟಿಗೆಯ ಹಿಂಗೋಡೆಗೆ ಅಂಟಿಕೊಂಡಂತೆ ಒಂದು ಹಿಟ್ಟಿನ ಮಿಲ್ಲು ಇತ್ತಂತೆ. ಹಳೇ ಡೀಸೆಲ್ ಇಂಜಿನ್ನಿನ ಮಿಲ್ಲು. ಶುರುವಾದರೆ ಕುಕ್ ಕುಕ್ ಕುಕ್ ಎಂದು ಹೊಲದವರೆಗೂ ಕೇಳುವಂಥದ್ದು. ಮಿಲ್ಲು ಕೂಗುವ ಹೊತ್ತಿಗೇ ಆ ಮನೆಯವರು ಹಾಲು ಕರೆಯುತ್ತಿದ್ದರು. ಆಮೇಲೆ ಮಿಲ್ಲಿನವನು ಇಂಜಿನ್ ತೆಗೆದು ಕರೆಂಟಿನ ಮೋಟರು ಕೂರಿಸಿದ, ಕುಕ್ ಕುಕ್ ನಿಂತುಹೋಯಿತು, ರಾಣಿಯ ಹಾಲೂ ನಿಂತಿತು. ಅವರು ಹಸು ಮಾರಿದ್ದೇ ಅದಕ್ಕಂತೆ.

ಇಲ್ಲಿ ಭಾವನ ಪರವಾಗಿ ಒಂದು ಮಾತು ಹೇಳಬೇಕು. ಹಸು ಆರಿಸುವುದಕ್ಕೆ ನಮ್ಮಲ್ಲಿ ದೊಡ್ಡ ಶಾಸ್ತ್ರವೇ ಇದೆ. ಸುಳಿ ಎಲ್ಲೆಲ್ಲಿದೆ, ಬಾಲ ಎಷ್ಟುದ್ದ, ತೊಗಲು ತೆಳುವೋ ದಪ್ಪವೋ, ಕೆಚ್ಚಲಿನ ನರ ಹೇಗೆ ಓಡಿದೆ, ನಡೆದರೆ ಹಿಂಗಾಲು ತಾಗುತ್ತದೆಯೇ, ಎಲ್ಲ ನೋಡುತ್ತಾರೆ. ಭಾವ ಅದನ್ನೆಲ್ಲ ನೋಡಿಯೇ ತಂದರು. ಹಸುವಿನ ಪಕ್ಕದಲ್ಲಿ ಏನಿತ್ತು ಎಂದು ನೋಡಬೇಕೆಂದು ಮಾತ್ರ ಯಾವ ಶಾಸ್ತ್ರವೂ ಹೇಳಿಲ್ಲ. ನಾನೂ ಮಾಡ್ಯೂಲನ್ನು ಬಣ್ಣ, ಅಗಲ, ಗುಂಡಿಯ ನುಣುಪು ನೋಡಿ ಆರಿಸುವವನಾದ್ದರಿಂದ ಅವರನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ.

"ನಿನ್ನ ಡಬ್ಬದಾಗೆ ಎಂತೆಂತಾ ಸದ್ದೋ ಬತ್ತವಂತೆ. ಆ ಮಿಲ್ ಸದ್ದು ಒಂದು ಮಾಡ್ಕೊಡ್ಲಾ. ನಿಮ್ ಬಾವ ಇಂಜೆಕ್ಷನ್ ಕೊಡ್ಸನ ಅಂತಾವ್ರೆ. ದಿನಾ ಸೂಜಿ ಚುಚ್ಚಿ ಕರ್ಕಂಡು ಆ ಆಲು ನಾನು ಕುಡಿಯಾಕಿಲ್ಲ, ಬ್ಯಾರೇರ್ಗೂ ಉಯ್ಯಾಕಿಲ್ಲ. ಇಂಗೇ ಆದ್ರೆ ಸಂತೆಗೆ ಒಡ್ಕಂಡೋಯ್ತೀನಿ ಅಂತ ಕುಂತವ್ರೆ."

ಫೋನಿನಲ್ಲಿ ಯಾವುದೋ ಇಂಜಿನ್ ಸದ್ದು ಹುಡುಕಿ ಕೇಳಿಸಿದ್ದೂ ಆಗಿತ್ತಂತೆ. ರಾಣಿ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಆ ಮಿಲ್ಲಿನ ಸದ್ದನ್ನೇ ರೆಕಾರ್ಡ್ ಮಾಡೋಣವೆಂದರೆ ಇಂಜಿನ್ ಗುಜರಿಗೆ ಹೋಗಿತ್ತು.

ನಿಮಗೆ ಅರ್ಥವಾಗಬೇಕು, ನನ್ನ ಪೆಟ್ಟಿಗೆಯಿಂದ ಒಂದು ಸದ್ದು ಬೇಕೆಂದು ಭೂಮಿಯ ಮೇಲೆ ಒಬ್ಬರು ಕೇಳಿದ್ದು ಅದೇ ಮೊದಲು. ನನ್ನ ಎದೆ ಉಬ್ಬಿಹೋಯಿತು. ಅಕ್ಕನಿಗೆ ಫೋನಿನಲ್ಲೇ ಪಾಠ ಶುರು ಮಾಡಿದೆ. ಊಟ ಕೊಡುವಾಗಲೆಲ್ಲ ಗಂಟೆ ಬಾರಿಸಿದರೆ ಕ್ರಮೇಣ ಬರೀ ಗಂಟೆಗೇ ನಾಯಿಯ ಬಾಯಲ್ಲಿ ನೀರೂರುತ್ತದೆ ಎಂದು ಹಿಂದೆ ಪ್ರಯೋಗ ಮಾಡಿ ತೋರಿಸಿದ್ದಾರೆ, ಹಸುವಿಗೂ ಅದೇ ನ್ಯಾಯ, ಹಾಲು ಇಳಿಸುವುದು ಮಿದುಳಿನ ಕೆಲಸ ಎಂದೆಲ್ಲ ಹೇಳಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡು, "ಅಂಗಾರೆ ಯಾವಾಗ್ ಬತ್ತೀಯಾ?" ಎಂದಳು. ಒಂದು ವಾರ ಸಾಕು ಅಕ್ಕ ಎಂದೆ.

ಮೊದಲು ಕುಕ್ ಎಂದರೆ ಎಂಥ ಕುಕ್ ಎಂದು ತಿಳಿಯಬೇಕಿತ್ತು. ಹಸು ಮಾರಿದವರಿಗೆ ಫೋನ್ ಮಾಡಿ ಕೂಗಿ ತೋರಿಸಿ ಎಂದೆ. ಗಂಡ ಒಂದು ರೀತಿ ಕೂಗಿದ. ಹಿಂದಿನಿಂದ ಹೆಂಡತಿ, "ಅಂಗಲ್ಲ, ಇಂಗೆ" ಎಂದು ಇನ್ನೊಂದು ರೀತಿ ಕೂಗಿದಳು. ಮಿಲ್ಲಿನವನನ್ನೇ ಫೋನಿಗೆ ಕರೆಸಿದರೆ ಅವನು ಇವರಿಬ್ಬರಿಗೂ ಸಂಬಂಧವಿಲ್ಲದ ಮೂರನೆಯದೊಂದನ್ನು ಕೂಗಿ, "ಆ ಇಂಜಿನ್ ಗತ್ತೇ ಬ್ಯಾರೆ ಬುಡಿ ಸಾರ್" ಎಂದು ನಿಟ್ಟುಸಿರು ಬಿಟ್ಟ. ಸ್ಟಾಫ್ ರೂಮಿನ ಮೂಲೆಯಲ್ಲಿ ನಿಂತು ನಾನೂ ಕುಕ್ ಕುಕ್ ಎಂದು ತಿರುಗಿ ಹೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದಾಗ ಪ್ರಿನ್ಸಿಪಾಲರು ಒಳಗೆ ಬಂದರು. ಅವರು ಏನೂ ಕೇಳಲಿಲ್ಲ. ಕೇಳಿದ್ದರೇ ವಾಸಿಯಿತ್ತು.

ಆಮೇಲೆ ಶುರುವಾಯಿತು ನನ್ನ ರೋಗ. ಇರುವ ಮಾಡ್ಯೂಲುಗಳಲ್ಲೇ ಆ ಸದ್ದನ್ನು ತರಬಹುದಿತ್ತು. ತಳದಲ್ಲಿ ಒಂದು ಗುಡುಗಾಟ, ಮೇಲೊಂದು ಹೊಗೆಕೊಳವೆಯ ಕೂಗು, ಎರಡನ್ನೂ ಒಂದೇ ತಾಳಕ್ಕೆ ಏಳಿಸಿ ಬೀಳಿಸಿದರೆ ಆಯಿತು. ಒಂದು ಸಂಜೆ ಕೂತು ಮಾಡಿದರೆ ಮುಗಿಯುವ ಕೆಲಸ. ಆದರೆ ಆ ಕೂಗಿಗೆ ಬೇರೆಯದೇ ಒಂದು ಫಿಲ್ಟರ್ ಇದ್ದರೆ ಗತ್ತು ಬರುತ್ತದಲ್ಲ ಎನ್ನಿಸಿತು. ತರಿಸಿದೆ. ಅದು ಬಂದಾಗ ಪೆಟ್ಟಿಗೆಯಲ್ಲಿ ಜಾಗವಿರಲಿಲ್ಲ. ಒಂದನ್ನು ತೆಗೆದರೆ ಬಣ್ಣ ಹೊಂದಲಿಲ್ಲ. ತಾಳ ಹಾಕುವ ಮಾಡ್ಯೂಲು ಎಡಗಡೆ ಇದ್ದದ್ದು ನಡುವೆ ಬಂದರೆ ತಂತಿಗಳು ಗೋಜಲಾಗುವುದಿಲ್ಲ ಎಂದು ಕಂಡಿತು. ಊಟದ ಮೇಜು ಮತ್ತೆ ಕಾಗದದಿಂದ ತುಂಬಿತು. ನಾವು ಗಂಡ ಹೆಂಡತಿ ನೆಲದ ಮೇಲೆ ಕೂತು ಉಂಡೆವು.

ಅಕ್ಕ ಮೊದಮೊದಲು ದಿನ ಬಿಟ್ಟು ದಿನ ಫೋನ್ ಮಾಡುತ್ತಿದ್ದಳು. ಆಯ್ತೇನ್ಲಾ ಎನ್ನುವಳು. ಇನ್ನೊಂದು ಬರಬೇಕು ಅಕ್ಕ ಎನ್ನುವೆ. ಬಂತೇನ್ಲಾ ಎನ್ನುವಳು. ಬಂತು, ಎಲ್ಲಿ ಕೂರಿಸಬೇಕೆಂದು ನೋಡ್ತಿದ್ದೀನಿ ಎನ್ನುವೆ. ಅತ್ತ ಹಿಂಡದ ಹಾಲು ಕೆಚ್ಚಲಿನಲ್ಲೇ ನಿಂತು ಬಾವು ಬಂದೀತೆಂಬ ಭಯ, ಡೈರಿಯಲ್ಲಿ ದಿನದಿನಕ್ಕೂ ಇಳಿಯುತ್ತಿದ್ದ ಅಳತೆ, ಭಾವನ ಗೊಣಗಾಟ. ಇತ್ತ ನಾನು ಕಪ್ಪು ತಗಡೋ ಬೂದು ತಗಡೋ ಎಂದು ಕೂತಿದ್ದೆ. ಚನ್ನಪಟ್ಟಣದಿಂದ ಸಾತನೂರಿಗೆ ಬಸ್ ಹತ್ತಿದರೆ ಒಂದು ನಿದ್ದೆ ಮುಗಿಯುವುದರೊಳಗೆ ಊರು ಬರುತ್ತದೆ. ಆ ಬಸ್ಸು ನಮ್ಮ ಮನೆಯ ಮುಂದಿನ ರಸ್ತೆಯಲ್ಲೇ ಹೋಗುತ್ತದೆ. ಹಾಗಿದ್ದೂ ಹಸುವನ್ನು ಒಮ್ಮೆ ನೋಡಿಕೊಂಡು ಬರೋಣ ಎಂದು ನನಗೆ ಹೊಳೆಯಲೇ ಇಲ್ಲ. ಜೋಡಣೆ ಮುಗಿಯದೆ ಯಾವ ಮುಖ ಹೊತ್ತು ಹೋಗುವುದು ಎಂದು ನನ್ನ ವಾದ.

ಒಂದು ಹಂತದಲ್ಲಿ ಅಕ್ಕನ ಫೋನು ಬರುವುದು ನಿಂತಿತು. ಹೇಳುವುದಕ್ಕೇ ನಾಚಿಕೆಯಾಗುತ್ತದೆ, ನನಗೆ ಆಗ ಹಾಯೆನಿಸಿತು. ಹಸು ಏನಾಯಿತೋ, ಸಂತೆಗೆ ಹೋಯಿತೋ ಎಂದು ಕೇಳಬೇಕಾದವನು, ಸದ್ಯ ಇನ್ನು ನಿಧಾನವಾಗಿ ಮಾಡಬಹುದು ಅಂದುಕೊಂಡೆ. ಶೋಭಾ ಒಂದು ದಿನ, "ಅತ್ತಿಗೆ ಯಾಕೆ ಫೋನೇ ಮಾಡ್ತಿಲ್ಲ?" ಎಂದು ನನ್ನ ಮುಖ ನೋಡಿದಳು. ಅವಳು ಹಾಗೆ ನೋಡದಿದ್ದರೆ ನಾನು ಇವತ್ತಿಗೂ ಜೋಡಿಸುತ್ತಲೇ ಇರುತ್ತಿದ್ದೆನೋ ಏನೋ. ಆ ಭಾನುವಾರ ಬರುತ್ತೇನೆಂದು ಅಕ್ಕನಿಗೆ ಹೇಳಿದೆ. ಹಸು ಇದೆ ತಾನೆ ಎಂದು ಅಂಜುತ್ತಲೇ ಕೇಳಿದೆ. "ಐತೆ ಬಾ" ಎಂದಳು, ಅಷ್ಟೇ.

ಭಾನುವಾರ ಪೆಟ್ಟಿಗೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು, ಸ್ಪೀಕರನ್ನು ಕಾಲ ಬಳಿ ಇರಿಸಿಕೊಂಡು ಬಸ್ಸಿನಲ್ಲಿ ಕೂತೆ. ಕಂಡಕ್ಟರ್ ಇದೇನು ಎಂದ. ಹಸುವಿಗೆ ಎಂದೆ. ಅವನು ಯಾವುದೋ ಔಷಧಿ ಇರಬೇಕೆಂದು ತಿಳಿದು ಲಗೇಜು ಟಿಕೆಟ್ ಹರಿಯಲಿಲ್ಲ.

ಅಕ್ಕನ ಮನೆಯಲ್ಲಿ ನನಗೆ ರಾಜೋಪಚಾರ. ಮುದ್ದೆ, ಉಪ್ಸಾರು, ಮೇಲೆ ಗಟ್ಟಿ ಮಜ್ಜಿಗೆ. ಮಜ್ಜಿಗೆ ಎಲ್ಲಿಂದ ಬಂತೆಂದು ನಾನು ಯೋಚಿಸಬೇಕಿತ್ತು, ಯೋಚಿಸಲಿಲ್ಲ. ತಡವಾಯಿತು ಅಕ್ಕ ಎಂದರೆ, "ಅಯ್ಯೋ, ನಿಂಗೂ ಕೆಲ್ಸ ಇರ್ತದಲ್ಲಪ್ಪ" ಎಂದಳು. ಬೈಗುಳ ತಿನ್ನಲು ಸಿದ್ಧನಾಗಿ ಹೋದವನಿಗೆ ಆ ಮರ್ಯಾದೆ ಚುಚ್ಚಿತು. ಸಾಯಂಕಾಲ ಹಾಲು ಕರೆಯುವ ಹೊತ್ತಿಗೆ ಅಕ್ಕಪಕ್ಕದವರೂ ಕೊಟ್ಟಿಗೆಯ ಮುಂದೆ ಸೇರಿದರು. ಯಾರೋ ಮಗುವನ್ನು ಎತ್ತಿಕೊಂಡು ಪೆಟ್ಟಿಗೆ ತೋರಿಸುತ್ತಿದ್ದರು. ನಾನು ಪೆಟ್ಟಿಗೆಯನ್ನು ಒಂದು ಸ್ಟೂಲಿನ ಮೇಲಿಟ್ಟು, ತಂತಿಗಳನ್ನು ನೋಡಿಕೊಂಡು, ಸ್ವಿಚ್ ಹಾಕಿದೆ.

ಕುಕ್. ಕುಕ್. ಕುಕ್. ಕುಕ್.

ಸುಳ್ಳು ಹೇಳುವುದಿಲ್ಲ, ಅದ್ಭುತವಾಗಿತ್ತು. ತಳದ ಗುಡುಗು ಕೊಟ್ಟಿಗೆಯ ಶೀಟನ್ನೇ ನಡುಗಿಸಿತು. ಅಲ್ಲಿದ್ದ ಮುದುಕರೊಬ್ಬರು, "ನಮ್ಮೂರ ಮಿಲ್ಲೂ ಇಂಗೇ ಕೂಗೋದು ಕಣಪ್ಪಾ" ಎಂದು ಟವಲ್ಲಿನಿಂದ ಕಣ್ಣೊತ್ತಿಕೊಂಡರು. ನನ್ನ ಜೀವಮಾನದಲ್ಲಿ ಮೊದಲ ಸಲ ನನ್ನ ಪೆಟ್ಟಿಗೆ ಒಬ್ಬರ ಮನಸ್ಸು ಮುಟ್ಟಿತ್ತು. ಅಕ್ಕ ಪಾತ್ರೆಯನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು ಕೂತಳು. ರಾಣಿ ತಲೆಯೆತ್ತಿ ಪೆಟ್ಟಿಗೆಯನ್ನು ನೋಡಿತು. ಆಮೇಲೆ ನನ್ನನ್ನು ನೋಡಿತು. ಆಮೇಲೆ ಹಿಂಗಾಲೆತ್ತಿ ಪಾತ್ರೆಯನ್ನು ಒದ್ದಿತು.

ತಾಳ ತುಸು ನಿಧಾನ ಮಾಡಿದೆ. ಒದೆಯಿತು. ಕೂಗಿನ ಗಂಟಲು ತಗ್ಗಿಸಿದೆ. ಒದೆಯಿತು. ಹೊಸ ಫಿಲ್ಟರಿನ ಗುಂಡಿಗಳನ್ನೆಲ್ಲ ತಿರುಗಿಸಿದೆ. ಅಕ್ಕ ತುಟಿ ಬಿಗಿಹಿಡಿದು, ನೆಲ ನೋಡುತ್ತಾ, ಹಾಲಿಳಿಯದ ತೊಟ್ಟುಗಳನ್ನು ಎಳೆಯುತ್ತಲೇ ಇದ್ದಳು. ಜನ ಒಬ್ಬೊಬ್ಬರಾಗಿ ಕರಗಿದರು. ನನಗೆ ಆ ಸಗಣಿಯಲ್ಲೇ ಹೂತುಹೋಗಬಾರದೇ ಅನ್ನಿಸಿತು. ಭಾವ ನನ್ನ ಭುಜ ಮುಟ್ಟಿದರು.

"ಮೇಷ್ಟ್ರೇ, ಅದ್ನ ಆರುಸ್ಬುಟ್ಟು ಒಸಿ ಈಚೆಗ್ ಬನ್ನಿ."

ಆರಿಸಿ, ಅವರ ಹಿಂದೆ ಗೋಡೆಯ ಆಚೆಗೆ ಹೋದೆ. ಅವರು ಮುಖ ತಿರುಗಿಸಿಕೊಂಡು ಮೆಲ್ಲಗೆ ಹೇಳಿದರು.

"ಬ್ಯಾಸರ ಮಾಡ್ಕಬ್ಯಾಡಿ. ಅಸ ಈಗ ಆಲು ಬುಡ್ತದೆ. ಸುಮಾರು ದಿನಾಯ್ತು. ಆದ್ರೆ ನೀವು ಎದುರ್ಗಿದ್ರೆ ನಿಮ್ಮಕ್ಕಂಗೆ ಬಯ್ಯಕಾಯ್ತಾ ಇಲ್ಲ. ಬಯ್ದೇ ಓದ್ರೆ ಅದು ಬುಡಾಕಿಲ್ಲ."

"ಯಾರನ್ನ ಬಯ್ಯೋದು ಭಾವ?"

"ನಿಮ್ನೇ. ಇವತ್ ಬತ್ತಾನೆ ನಾಳೆ ಬತ್ತಾನೆ ಅಂತ ಎರಡೊತ್ತೂ ಅದ್ರ ಪಕ್ಕ ಕುಂತು ನಿಮ್ನ ಬಯ್ಕಂಡು ಬಯ್ಕಂಡು ಕರೀತಿದ್ಳು. ಅದು ಅದ್ಕೇ ಒಗ್ಗೋಯ್ತು. ಬ್ಯಾರೇರ್ನ ಬಯ್ದ್ರೂ ಆಗಾಕಿಲ್ಲ. ನನ್ನೇ ಬಯ್ಯಿ ಅಂತ ಒಂದಿನ ನಾನೇ ಏಳ್ದೆ. ಒದ್ಬುಡ್ತು."

ಅಷ್ಟರಲ್ಲಿ ಗೋಡೆಯ ಒಳಗಿನಿಂದ ಅಕ್ಕನ ದನಿ ಕೇಳಿಸಿತು. ಮೊದಲು ಪಿಸುಮಾತಿನಂತಿದ್ದದ್ದು ಬರಬರುತ್ತಾ ಏರಿತು.

"ನೋಡ್ದೇನವ್ವಾ ರಾಣಿ, ಬಂದವ್ನೆ ನಮ್ಮಪ್ಪ, ಡಬ್ಬ ಎತ್ಕಂಡು. ಒಂದು ತಗಡು ಬರ್ಬೇಕು ಅಂದ, ಬಂತು. ಇನ್ನೊಂದು ಬರ್ಬೇಕು ಅಂದ, ಅದೂ ಬಂತು. ಎಡಗಡೀದ ಬಲಗಡೆ ಮಡಗ್ಬೇಕು ಅಂದ. ಅಲ್ಲ, ನಾನು ಮುದ್ದೆ ಕೋಲು ಎಲ್ಲಿ ಮಡಗನ ಅಂತ ಅಷ್ಟು ದಿನ ಯೋಚ್ನೆ ಮಾಡ್ಕಂಡು ಕುಂತಿದ್ರೆ ಈ ಮನೇರೆಲ್ಲ ಉಪಾಸ ಬಿದ್ದೋಗೋರು."

ಚರ್ ಎಂದು ಪಾತ್ರೆಯ ತಳಕ್ಕೆ ಹಾಲು ಬಿತ್ತು. ಚರ್, ಚರ್. ಖಾಲಿ ಪಾತ್ರೆಯಲ್ಲಿ ಅದು ಮೊದಲು ಚೂಪಾಗಿ ಕೇಳುತ್ತದೆ, ನೊರೆ ಏರಿದಂತೆ ಮೆತ್ತಗಾಗುತ್ತದೆ. ನಾನು ದೂರದಿಂದ ತರಿಸಿದ ಯಾವ ಫಿಲ್ಟರೂ ಅಷ್ಟು ಚೆನ್ನಾಗಿ ಸದ್ದು ಸವರಿದ್ದಿಲ್ಲ.

"ಒಂದಾದ್ರೂ ಪೂರಾ ಮಾಡವ್ನಾ ಅವ್ನು? ಚನ್ನಪಟ್ಣದಿಂದ ಇಲ್ಗೆ ಬಸ್ಸಿಲ್ವಾ? ಬರೀ ಕೈಲಿ ಬಂದಿದ್ರೆ ನಾನೇನು ಬಾಕ್ಲಾಕ್ತಿದ್ನಾ? ನೀನು ಆಲು ಬುಡಕ್ಕೆ ಸುರು ಮಾಡ್ದಾಗ್ಲೇ, ಸರೋಯ್ತು ಕಣ್ಲಾ, ಡಬ್ಬ ಬ್ಯಾಡ ಅಂತ ಫೋನ್ ಮಾಡನ ಅಂದ್ಕಂಡೆ. ಬ್ಯಾಡ ಅಂದ್ರೆ ಇವ್ನು ಬರೋದೂ ಇಲ್ಲ ಅಂತ ಸುಮ್ಕಾದೆ ಕಣವ್ವಾ."

ಭಾವ ಬೀಡಿ ಹಚ್ಚುವ ನೆಪದಲ್ಲಿ ಅತ್ತ ಹೋದರು. ನಾನು ಗೋಡೆಗೆ ಒರಗಿ ನಿಂತೆ. ಎಷ್ಟೋ ಸಲ ನಾಚಿಕೆಪಟ್ಟಿದ್ದೇನೆ, ನೆಂಟರ ಮುಂದೆ, ಪ್ರಿನ್ಸಿಪಾಲರ ಮುಂದೆ, ಈಗಷ್ಟೇ ಒಂದು ಹಸುವಿನ ಮುಂದೆ. ಅವೆಲ್ಲ ಮುಖದ ಮೇಲಿನ ನಾಚಿಕೆ, ತೊಳೆದರೆ ಹೋಗುವಂಥವು. ಇದು ಹೊಟ್ಟೆಯೊಳಗೆ ಇಳಿದು ಕೂತಿತು. ಅಕ್ಕನಿಗೆ ಏನು ಒಯ್ಯಬೇಕು, ಹೇಗೆ ಜೋಡಿಸಿ ಒಯ್ಯಬೇಕು ಎಂದು ಅಷ್ಟು ದಿನ ತಲೆ ಕೆಡಿಸಿಕೊಂಡವನಿಗೆ, ನಾನೇ ಹೋಗಿ ನಿಂತರೆ ಸಾಕೆಂದು ತೋಚಲಿಲ್ಲವಲ್ಲ.

ಅಕ್ಕ ತುಂಬಿದ ಪಾತ್ರೆ ಹಿಡಿದು ಹೊರಗೆ ಬಂದಳು. ಗೋಡೆಯ ಮಗ್ಗುಲಲ್ಲಿ ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡಳು.

"ಕೇಳುಸ್ತಾ?"

"ಒಸಿ."

"ಒಸೀನಾ? ಅಂಗಾರೆ ನಾಳಿಂದ ಜೋರಾಗಿ ಬಯ್ತೀನಿ ತಗಾ" ಎಂದು ನಕ್ಕು, ಡೈರಿ ಮುಚ್ಚುವುದರೊಳಗೆ ಹೋಗಬೇಕೆಂದು ಬಿರಬಿರನೆ ನಡೆದಳು.

ಈಗ ನಾನು ಪ್ರತಿ ಭಾನುವಾರ ಸಾತನೂರಿಗೆ ಹೋಗುತ್ತೇನೆ, ಬರೀ ಕೈಯಲ್ಲಿ. ಸರಿಹೋದನಲ್ಲ ಎಂದು ನೀವು ಮೆಚ್ಚಿಕೊಳ್ಳುವ ಮೊದಲು ಮುಂದಿನದನ್ನೂ ಕೇಳಿ. ಹಾಗೆ ಬರೀ ಕೈಯಲ್ಲಿ ಹೋದ ಮೊದಲ ಭಾನುವಾರ ಹೊತ್ತಿಗೆ ಸರಿಯಾಗಿ ತಲುಪಿದೆ. ಅಕ್ಕನಿಗೆ ಎಷ್ಟು ಸಂತೋಷವಾಯಿತೆಂದರೆ ಬೈಯಲು ಬಾಯೇ ಬರಲಿಲ್ಲ. ಅವಳು ಕೊಟ್ಟಿಗೆಯಲ್ಲೂ ನನ್ನ ಗುಣಗಾನ ಮಾಡುತ್ತಾ ಕೂತಳು, ರಾಣಿ ಒಂದು ಲೋಟ ಹಾಲೂ ಬಿಡಲಿಲ್ಲ. ಡೈರಿಗೆ ಒಯ್ಯಬೇಕಾದ ಕ್ಯಾನು ಖಾಲಿಯಿರುವುದನ್ನು ನೋಡಿ ಭಾವ ನನ್ನ ಕಡೆ ತಿರುಗಿ ಕೈಮುಗಿದರು.

ಹಾಗಾಗಿ ಈಗ ಬಸ್ಸಿಳಿದವನು ನೇರ ಮನೆಗೆ ಹೋಗುವುದಿಲ್ಲ. ಸಾತನೂರಿನ ಸರ್ಕಲ್ಲಿನ ಟೀ ಅಂಗಡಿಯಲ್ಲಿ ಕೂರುತ್ತೇನೆ. ಇಳಿಬಿಸಿಲಲ್ಲಿ ಜನ ಬರುತ್ತಾರೆ, ಹೋಗುತ್ತಾರೆ. ಅಲ್ಲಿ ಕೊಟ್ಟಿಗೆಯಲ್ಲಿ ಅಕ್ಕ, ಬತ್ತೀನಿ ಅಂದವನು ಇನ್ನೂ ಬಂದಿಲ್ಲ ನೋಡವ್ವಾ ಎಂದು ಶುರು ಮಾಡಿರುತ್ತಾಳೆ. ನಾನು ಇನ್ನೊಂದು ಟೀ ಹೇಳಿ, ಪಾತ್ರೆ ತುಂಬುವಷ್ಟು ಹೊತ್ತು ಕಾದು, ಆಮೇಲೆ ಎದ್ದು ಹೊರಡುತ್ತೇನೆ.